ಹೋಗಿ ಬರ್ತೀನಿ, ಇಂಗ್ಲಿಷಿನಲ್ಲಿ

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಬರೆಯಬಲ್ಲೆ, ಅಷ್ಟೇ. ಆದರೆ ರವಿಕೆ ಹೊಲಿಯುವುದರಲ್ಲಿ ಮೈಸೂರಿನ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ತೊಂಬತ್ತರ ದಶಕದಲ್ಲಿ ಮಗಳು ನನ್ನನ್ನು ಅಮೆರಿಕದ ಶ್ಯಾಂಟಿಲಿಗೆ ಕರೆಸಿಕೊಂಡಾಗ ನನಗೆ ಅರವತ್ತೊಂದು. ಅವಳೂ ಅಳಿಯನೂ ಬೆಳಿಗ್ಗೆ ಕಾರು ಹತ್ತಿದರೆ ಮುಖ ಕಾಣುವುದು ಸಂಜೆಗೇ. ಎರಡು ತಿಂಗಳು ಕಿಟಕಿ ನೋಡಿದೆ, ಟೀವಿ ನೋಡಿ ಅಷ್ಟಿಷ್ಟು ಇಂಗ್ಲಿಷು ಕಿವಿಗೆ ಹಾಕಿಕೊಂಡೆ. ಮೂರನೇ ತಿಂಗಳು ಹತ್ತು ನಿಮಿಷ ನಡೆದು ಒಂದು ಡ್ರೈ ಕ್ಲೀನಿಂಗ್ ಅಂಗಡಿಗೆ ಹೋಗಿ, ನಾನು ಹೊಲಿದ ರವಿಕೆಯನ್ನು ಕೌಂಟರಿನ ಮೇಲೆ ಒಳಮೈ ತಿರುಗಿಸಿ ಇಟ್ಟೆ. ಹೊಲಿಗೆ ಗೊತ್ತಿರುವವರಿಗೆ ಒಳಮೈ ಸಾಕು. ಅಂಗಡಿಯ ಒಡತಿ ಅಲ್ಲಿಯವಳೇ, ಐವತ್ತರ ಆಸುಪಾಸು. ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿ, ಮೂಲೆಯ ಮಿಷನ್ನು ತೋರಿಸಿದಳು. ಗಿರಾಕಿಗಳ ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಡಿಸುವುದು ನನ್ನ ಕೆಲಸ.

ಮೊದಲ ದಿನವೇ ಎಡವಟ್ಟಾಯಿತು. ಐದು ಗಂಟೆಗೆ ಟೇಪು ಸುತ್ತಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು, "ಗೋ ಅಂಡ್ ಕಮ್" ಎಂದು ಹೇಳಿ ಮನೆಗೆ ಬಂದೆ. ನಮ್ಮಲ್ಲಿ ಬರೀ ಹೋಗ್ತೀನಿ ಅಂತ ಯಾರು ಹೇಳುತ್ತಾರೆ? ಹೋಗಿ ಬರ್ತೀನಿ ಅನ್ನಬೇಕು. ನಾನು ಏನೋ ಕೆಲಸ ಮುಗಿಸಿ ಈಗಲೇ ವಾಪಸು ಬರುತ್ತೇನೆ ಎಂದುಕೊಂಡು ಒಡತಿ ಏಳರವರೆಗೆ ಬಾಗಿಲು ತೆರೆದು ಕೂತಿದ್ದಳಂತೆ. ಮಾರನೆಯ ಬೆಳಿಗ್ಗೆ ಹೊಸ್ತಿಲಲ್ಲೇ ಹಿಡಿದಳು. ಇಲ್ಲಿಂದ ಮುಂದೆ ಹೊರಗಿನವರು ಆಡಿದ್ದೆಲ್ಲ ಇಂಗ್ಲಿಷು. ನನಗೆ ಅರ್ಥವಾದ ಹಾಗೆ ಬರೆಯುತ್ತಿದ್ದೇನೆ.

"ಬರ್ತೀನಿ ಅಂದೆ. ಬರಲಿಲ್ಲ."

"ಬಂದಿದೀನಲ್ಲ."

ಅವಳಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ. ಒಂದು ತಿಂಗಳು ಗಡುವು ಕೊಟ್ಟಳು: ಇಲ್ಲಿಯವರ ಹಾಗೆ ಮಾತಾಡಲು ಕಲಿ, ಇಲ್ಲವಾದರೆ ಮಿಷನ್ನಿಗೆ ಬೇರೆಯವರನ್ನು ಕೂರಿಸುತ್ತೇನೆ.

ಮಗಳಿಗೆ ಇಷ್ಟೇ ಬೇಕಾಗಿತ್ತು. "ಬಿಟ್ಬಿಡಮ್ಮಾ. ಈ ವಯಸ್ಸಲ್ಲಿ ನಿಂಗ್ಯಾಕೆ ಜಾಬು? ನಾನೇ ಕಾಲ್ ಮಾಡಿ ಕ್ವಿಟ್ ಮಾಡ್ತಾಳೆ ಅಂತ ಹೇಳ್ತೀನಿ."

"ಹೇಳಿ ನೋಡು. ಆಮೇಲೆ ನಿನ್ನ ಬ್ಲೌಸು ನೀನೇ ಹೊಲ್ಕೋ."

"ಬೈ ಅಂದ್ರೆ ಮುಗೀತಲ್ಲಮ್ಮ, ಅದಕ್ಕೇನು ಕಷ್ಟ?"

"ಮುಗಿಯತ್ತೆ. ಅದಕ್ಕೇ ಅನ್ನಲ್ಲ."

ಕೊನೆಗೆ ಅವಳೇ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಶನಿವಾರ ಬೆಳಿಗ್ಗೆ ನಡೆಯುವ ಬಿಟ್ಟಿ ಇಂಗ್ಲಿಷ್ ಕ್ಲಾಸಿಗೆ ಡ್ರಾಪ್ ಮಾಡಿದಳು. ರಿಟೈರಾದ ಮೇಷ್ಟರೊಬ್ಬರು ಪಾಠ ಹೇಳುತ್ತಿದ್ದರು. ಇಡಿಯಮ್ಮು ಬಂದರೆ ಇಂಗ್ಲಿಷು ಬಂದ ಹಾಗೆ ಎಂಬುದು ಅವರ ನಂಬಿಕೆ. ಸುಲಭವಾದದ್ದು ಕೇಕಿನ ತುಂಡು. ಜೋರು ಮಳೆ ಬಂದರೆ ಬೀಳುವುದು ನಾಯಿ, ಬೆಕ್ಕು. ನಾಟಕದಲ್ಲಿ ಪಾತ್ರ ಮಾಡಲು ಹೊರಟವನಿಗೆ ಶುಭ ಕೋರುವುದು ಕಾಲು ಮುರಿದುಕೋ ಎಂದು. ನಮ್ಮ ಬೀದಿಯಲ್ಲಿ ಹಾಗಂದಿದ್ದರೆ ಮುರಿಯುತ್ತಿದ್ದುದು ಅಂದವಳ ಕಾಲೇ. ಎಲ್ಲವನ್ನೂ ಕನ್ನಡದ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡೆ.

ಮುಂದಿನ ಸಾಲಿನಲ್ಲಿ ನನಗಿಂತ ದಪ್ಪಗಿನ, ನನ್ನಷ್ಟೇ ವಯಸ್ಸಿನ ಜರ್ಮನ್ ಹೆಂಗಸು. ಗಂಡ ಹೆಂಡತಿ ಬೇಕರಿ ಇಟ್ಟಿದ್ದರಂತೆ. ಇಪ್ಪತ್ತು ವರ್ಷ ಅವನು ಕೌಂಟರಿನಲ್ಲಿ ಮಾತಾಡಿದ, ಇವಳು ಒಳಗೆ ಹಿಟ್ಟು ನಾದಿದಳು. ಅವನು ಸತ್ತ ಮೇಲೆ ಇವಳಿಗೆ ಮಾತು ಬೇಕಾಯಿತು. ಏನೂ ಅರ್ಥವಾಗದಿದ್ದರೆ ಏನೆನ್ನಬೇಕು ಎಂದು ಮೇಷ್ಟರು ಕೇಳಿದರು. "ನನಗೆ ರೈಲ್ವೆ ಸ್ಟೇಷನ್ ಮಾತ್ರ ಅರ್ಥವಾಗುತ್ತೆ" ಎಂದಳು. ಅವಳ ಭಾಷೆಯಲ್ಲಿ ಹಾಗೇ ಅನ್ನುವುದು. ಕ್ಲಾಸೆಲ್ಲ ನಕ್ಕಿತು. ಮೇಷ್ಟರು ತಿದ್ದಿದರು: ನನಗಿದು ಗ್ರೀಕ್ ಭಾಷೆ ಅನ್ನಬೇಕಂತೆ. ಅವಳ ಕತ್ತಿನವರೆಗೂ ಕೆಂಪೇರಿತು. ನನಗೆ ರೇಗಿತು.

"ನೋ ಗ್ರೀಕ್ ಮ್ಯಾನ್ ಹಿಯರ್," ಎಂದೆ. "ಸ್ಟೇಷನ್ ಬೆಟರ್."

ಅಂದಿನಿಂದ ನಮ್ಮ ಕುರ್ಚಿಗಳು ಅಕ್ಕಪಕ್ಕ ಬಂದವು. ಬಿಡುವಿನಲ್ಲಿ ಅವಳು ಬ್ರೆಡ್ಡು ತೆಗೆದರೆ ನಾನು ಕೋಡುಬಳೆ ತೆಗೆಯುತ್ತಿದ್ದೆ. ಎದುರಿಗಿದ್ದದ್ದು ಕಾಣದವನಿಗೆ ಜರ್ಮನರು ಕಣ್ಣ ಮೇಲೆ ಟೊಮ್ಯಾಟೊ ಇದೆ ಅನ್ನುತ್ತಾರಂತೆ. ನಾನು ತಲೆ ತಿನ್ನಬೇಡ ಅನ್ನುವುದನ್ನು ಹೇಳಿಕೊಟ್ಟೆ. ಅವಳು ಮುಂದಿನ ವಾರ ಮೇಷ್ಟರಿಗೇ ಇಂಗ್ಲಿಷಿನಲ್ಲಿ, "ನನ್ನ ತಲೆ ತಿನ್ನಬೇಡಿ" ಎಂದು ಹೇಳಿಬಿಟ್ಟಳು.

ನನ್ನ ಕಷ್ಟವನ್ನು ಅವರಿಗೆ ಹೇಳಿಕೊಂಡಾಗ, ಕೆಲಸ ಮುಗಿಸಿ ಹೊರಡುವಾಗ ಅನ್ನುವ ಮಾತೊಂದನ್ನು ಬೋರ್ಡಿನ ಮೇಲೆ ಬರೆದರು. ಕಾಲ್ ಇಟ್ ಎ ಡೇ. ದಿನವನ್ನು ದಿನ ಅಂತ ಕರೆಯಬೇಕಂತೆ. ಬೇರೆ ಏನಂತ ಕರೆದಾರು?

"ಇದು ಆಗಲ್ಲ. ಬರೋ ಮಾತೇ ಇಲ್ಲ ಇದರಲ್ಲಿ," ಎಂದೆ.

"ಬರ್ತೀನಿ ಅಂದವರೆಲ್ಲ ಬರ್ತಾರೆಯೇ?" ಎಂದು ಮೇಷ್ಟರು ನಕ್ಕರು.

"ನನ್ನ ಗಂಡ ಸತ್ತ ದಿನವೂ ಬೆಳಿಗ್ಗೆ ಬರ್ತೀನಿ ಅಂತಲೇ ಹೋದರು. ಬರಲಿಲ್ಲ. ಆದರೂ ಹೇಳಿ ಹೋದರಲ್ಲ."

ಅವರು ಬೋರ್ಡು ಒರೆಸಿದರು.

ಗಡುವಿನ ಕೊನೆಯ ದಿನ ಸೋಮವಾರ ಬಿತ್ತು. ಅದರ ಹಿಂದಿನ ಶನಿವಾರ ಜರ್ಮನ್ ಹೆಂಗಸು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಹಿಡಿದು ನನ್ನ ಮುಖದ ಮುಂದೆ ಆಡಿಸಿದಳು. ಗುದ್ದುತ್ತಾಳೇನೋ ಅಂದುಕೊಂಡೆ. ಒಳ್ಳೆಯದಾಗಲಿ ಎಂದು ಅವರಲ್ಲಿ ಹಾಗೆ ಹೆಬ್ಬೆಟ್ಟು ಒತ್ತಿಹಿಡಿಯುತ್ತಾರಂತೆ. ಸೋಮವಾರ ಪೂರ್ತಿ ಒತ್ತಿರುತ್ತೇನೆ ಎಂದಳು.

ಸೋಮವಾರ ಒಡತಿ ನನ್ನನ್ನು ಕೌಂಟರಿನಲ್ಲಿ ನಿಲ್ಲಿಸಿ, ತಾನು ಹ್ಯಾಂಗರುಗಳ ಹಿಂದೆ ಲೆಕ್ಕ ನೋಡುವವಳ ಹಾಗೆ ನಿಂತಳು. ಒಬ್ಬ ಹೆಂಗಸು ಕೋಟು ತಂದು, ತೋಳು ಗಿಡ್ಡ ಮಾಡಬೇಕು, ನಾಳೆಗೇ ಬೇಕು, ಆಗುತ್ತಾ ಎಂದಳು. "ಪೀಸ್ ಆಫ್ ಕೇಕ್," ಎಂದೆ. ಅವಳು ನಕ್ಕು ಕೋಟು ಕೊಟ್ಟುಹೋದಳು. ಇನ್ನೂ ಮೂವರು ಬಂದರು, ಮೂವರಿಗೂ ನೋಟ್‌ಬುಕ್ಕಿನಿಂದ ಒಂದೊಂದು ಕೊಟ್ಟೆ. ಕಲಿಯುವುದಕ್ಕೆ ನನಗೆ ಬರುವುದಿಲ್ಲ ಎಂದಲ್ಲ, ಅದು ಅವಳಿಗೂ ಗೊತ್ತಾಯಿತು.

ಐದಾಯಿತು. ಟೇಪು ಸುತ್ತಿಟ್ಟೆ. ಅವಳು ಬಂದು ಬಾಗಿಲ ಹತ್ತಿರ ಕೈ ಕಟ್ಟಿ ನಿಂತಳು. ಯಾವ ಮಾತಿಗೆ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತು. ಆ ಮಾತು ನನ್ನ ನಾಲಗೆಯ ಮೇಲೇ ಇತ್ತು. ಅಂದುಬಿಟ್ಟಿದ್ದರೆ ಮಿಷನ್ನು ನನ್ನದು.

"ಗೋ ಅಂಡ್ ಕಮ್," ಎಂದೆ. "ಟುಮಾರೋ. ನೈನ್."

"ಅದನ್ನು ಇಂಗ್ಲಿಷಿನಲ್ಲಿ ಹೇಳು."

"ಇಂಗ್ಲಿಷೇ ಅದು. ನಾಳೆ ನಾನು ಬರದಿದ್ದರೆ ಆಗ ತಪ್ಪು ಅನ್ನು."

ಅವಳು ಪಕ್ಕಕ್ಕೆ ಸರಿಯಲಿಲ್ಲ. ನಾನೇ ಅವಳ ಪಕ್ಕದಿಂದ ನುಸುಳಿಕೊಂಡು ಹೊರಗೆ ಬಂದೆ. ಮನೆಯಲ್ಲಿ ಮಗಳು ಕೇಳಿದ್ದಕ್ಕೆ, ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

ಮಾರನೆಯ ದಿನ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಹೋದೆ. ಅಂಗಡಿ ತೆರೆದಿತ್ತು. ಮಿಷನ್ನಿನ ಪಕ್ಕದಲ್ಲಿ ಆ ಕೋಟು ತೂಗುಹಾಕಿತ್ತು, ಅದರ ತೋಳಿಗೆ ಒಡತಿಯೇ ಗುಂಡುಸೂಜಿ ಚುಚ್ಚಿ ಗುರುತು ಮಾಡಿಟ್ಟಿದ್ದಳು. ಗುರುತು ಸೊಟ್ಟಗಿತ್ತು. ಕಿತ್ತು ಸರಿಯಾಗಿ ಚುಚ್ಚಿದೆ.

ಮುಂದಿನ ಶನಿವಾರ ಜರ್ಮನ್ ಹೆಂಗಸಿಗೆ, "ಇನ್ನು ಬೆರಳು ಬಿಡು, ಕೆಲಸ ಉಳೀತು," ಎಂದೆ.

"ಸೋಮವಾರ ಮಧ್ಯಾಹ್ನವೇ ಬಿಟ್ಟೆ," ಎಂದಳು. "ಹಿಟ್ಟು ನಾದಬೇಕಿತ್ತು."