ಹದಿನೇಳರಾಚೆ ನೋಡದ ಸಂಖ್ಯೆ

ಎಪ್ಪತ್ತರ ದಶಕದಲ್ಲಿ ನಾನೂ ನನ್ನ ಗೆಳೆಯನೂ ಚೆಂಬೂರಿನ ಒಂದೇ ಬಿಲ್ಡಿಂಗಿನಲ್ಲಿದ್ದೆವು, ಒಂದೇ ಲೋಕಲ್ ರೈಲು ಹಿಡಿದು ಆಫೀಸಿಗೆ ಹೋಗುತ್ತಿದ್ದೆವು. ಇಬ್ಬರೂ ಮೈಸೂರಿನಲ್ಲಿ ಗಣಿತ ಓದಿದವರು. ಆದರೆ ರೈಲಿನ ಡಬ್ಬಿಯಲ್ಲಿ 'ಮಾಸ್ತರ್' ಎಂದು ಕರೆಸಿಕೊಳ್ಳುತ್ತಿದ್ದವನು ಅವನೊಬ್ಬನೇ.

ಕಾರಣ, ನಮ್ಮ ಗುಂಪಿನ ಒಂದು ಆಟ. ಕುರ್ಲಾ ಹತ್ತಿರ ಹಳಿಯ ಪಕ್ಕದಲ್ಲಿ ಎಣ್ಣೆ ವ್ಯಾಗನ್ನುಗಳು ನಿಂತಿರುತ್ತಿದ್ದವು. ಅವುಗಳ ಮೇಲಿನ ಸಂಖ್ಯೆ ಯಾವುದರಿಂದ ಭಾಗವಾಗುತ್ತದೆಂದು ಮೊದಲು ಹೇಳಿದವನಿಗೆ ಮರುದಿನ ಕಿಟಕಿಯ ಸೀಟು. ಕಿಟಕಿ ಸದಾ ಅವನದೇ. ನಾನು ಬಾಗಿಲ ಕಂಬಿ ಹಿಡಿದು, ಗಾಳಿಗೆ ಹಾರುವ ಅವನ ಕೂದಲು ನೋಡುತ್ತ ಹಲ್ಲು ಕಚ್ಚುತ್ತಿದ್ದೆ. ನನ್ನ ಹೆಂಡತಿ ಕೂಡ "ಅವರ ತಲೆ ಅಂದ್ರೆ ತಲೆ, ರೀ" ಅಂದಿದ್ದಳು. ಒಂದೇ ಒಂದು ಸಲ ಅವನನ್ನು ಸೋಲಿಸಬೇಕಿತ್ತು ನನಗೆ.

ಒಂದು ಬೆಳಿಗ್ಗೆ ಸಿಗ್ನಲ್ ಸಿಗದೆ ಗಾಡಿ ನಿಂತಿತು. ಕಿಟಕಿಗೆ ಎದುರಾಗಿದ್ದ ವ್ಯಾಗನ್ 510510.

"ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು. ಎಲ್ಲಾ ಗುಣಿಸಿದ್ರೆ ಇದೇ ಬರೋದು!" ಎಂದ ಅವನು.

"ಅರೇ, ಖಿಡಕೀ ಫಿರ್ ಮಾಸ್ತರ್ ಕೀ!" ಕಿಟಕಿ ಮತ್ತೆ ಮಾಸ್ತರಿಗೇ ಎಂದು ಎದುರಿನವನು ತೊಡೆ ತಟ್ಟಿದ.

ಬಾಗಿಲಲ್ಲಿದ್ದ ನನಗೆ ಅದರ ಮುಂದಿನ ವ್ಯಾಗನ್ ಕಂಡಿತು: 510511. ಒಂದೇ ಹೆಚ್ಚು. ಅವನು ಹೇಳಿದ ಯಾವುದರಿಂದ ಭಾಗಿಸಿದರೂ ಒಂದು ಉಳಿದೇ ಉಳಿಯುತ್ತದೆ.

"ಮುಂದಿಂದು ಅವಿಭಾಜ್ಯ ಕಣೋ! ಕಿಟಕಿ ನಂದು!"

"ಕೊನೇ ಅಂಕಿ ಒಂದಾ, ಏಳಾ? ಏಳಾದ್ರೆ ಏಳರಿಂದ ಹೋಗುತ್ತೆ."

"ಒಂದು! ಬಂದು ನೋಡು ಬೇಕಿದ್ರೆ. ಸೋಲೋಕೆ ನಾಚಿಕೆನಾ?"

ಅವನು ಬಾಗಿಲಿಗೆ ಬರುವಷ್ಟರಲ್ಲಿ ಗಾಡಿ ಹೊರಟಿತ್ತು. ಹಿಂದೆ ಸರಿಯುತ್ತಿದ್ದ ಅಂಕಿಯನ್ನು ಓದಲು ಹೊರಕ್ಕೆ ಬಾಗಿ ಹಿಂದಕ್ಕೆ ತಿರುಗಿದ. ಮುಂದಿನಿಂದ ಬರುತ್ತಿದ್ದ ಕಂಬ ಕಂಡದ್ದು ನನಗೆ. ಅವನ ಶರ್ಟು ಹಿಡಿದು ಎಳೆದೆ. ಇಬ್ಬರೂ ಜನರ ಕಾಲುಗಳ ಮೇಲೆ ಬಿದ್ದೆವು. ಕಂಬ ಅವನ ಕನ್ನಡಕವನ್ನಷ್ಟೇ ಒಯ್ದಿತ್ತು.

ಬಿದ್ದಲ್ಲೇ ಅವನೆಂದ: "ಕೊನೇ ಅಂಕಿ ಒಂದೇ, ಸರಿಯಾಗೇ ನೋಡಿದೀಯ. ಆದ್ರೂ ಹತ್ತೊಂಬತ್ತರಿಂದ ಹೋಗುತ್ತೆ ಕಣೋ."

"ಮರತೇ ಮರತೇ ಭೀ ಹಿಸಾಬ್!" ಸಾಯುವಾಗಲೂ ಲೆಕ್ಕ ಎಂದು ಡಬ್ಬಿಯೆಲ್ಲ ಅವನನ್ನು ಹೊಗಳಿತು. ಎಳೆದ ಕೈ ಯಾರದೆಂದು ಯಾರೂ ಕೇಳಲಿಲ್ಲ.

ಆಫೀಸಿನಲ್ಲಿ ಭಾಗಿಸಿ ನೋಡಿದೆ. ಹತ್ತೊಂಬತ್ತು ಇಂಟು 26869. ಶೇಷ ಉಳಿಯಲಿ ಎಂದು ಬೇಡಿಕೊಳ್ಳುತ್ತಲೇ ಭಾಗಿಸಿದ್ದೆ. ನಾನು ಹದಿನೇಳಕ್ಕೇ ನಿಂತುಬಿಟ್ಟಿದ್ದೆ.

ಮರುದಿನ ಅವನು ಹೊಸ ಕನ್ನಡಕವಿಲ್ಲದೆಯೇ ಬಂದ. "ನೀನೇ ಕೂತ್ಕೊಳೋ ಕಿಟಕೀಲಿ. ನನಗೆ ಹೇಗೂ ಏನೂ ಕಾಣಲ್ಲ" ಎಂದು ಬಾಗಿಲಲ್ಲಿ ನಿಂತ. ಕೂತೆ. ಅಷ್ಟು ದಿನ ಬಯಸಿದ ಸೀಟು. ಕುರ್ಲಾ ಹತ್ತಿರವಾಗುತ್ತಿದ್ದಂತೆ ನನ್ನ ಮುಷ್ಟಿ ತಾನಾಗಿ ಬಿಗಿಯಿತು, ಅದರೊಳಗೆ ಅವನ ಶರ್ಟಿದೆ ಎಂಬಂತೆ. ಇವತ್ತಿಗೂ ರೈಲಿನ ಪಕ್ಕ ಕಂಬ ಸರಿದರೆ ಹಾಗೆಯೇ ಆಗುತ್ತದೆ.

ಎದ್ದು ಅವನ ತೋಳು ಹಿಡಿದು ಕಿಟಕಿಯಲ್ಲಿ ಕೂರಿಸಿದೆ.

"ಯಾಕೋ?"

"ಸುಮ್ನೆ ಕೂತ್ಕೊಳೋ, ಮಾಸ್ತರ್" ಎಂದೆ. ಹೊಟ್ಟೆಕಿಚ್ಚೇನೂ ಕಡಿಮೆಯಾಗಿರಲಿಲ್ಲ.