ಆ ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರ

ಮಂತ್ರ, ಮಾಟ ಎಂದರೆ ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಆರು ವರ್ಷದ ಹಿಂದೆ ಆಸ್ಟಿನ್‌ನಲ್ಲಿ ನಡೆದದ್ದನ್ನು ನೆನೆದರೆ ನಗು ಬರುವುದಿಲ್ಲ.

ಆಗ ನಾನು ಆಸ್ಟಿನ್‌ನಿಂದ ಮೂರು ಗಂಟೆ ದಾರಿಯ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸೊಂದರಲ್ಲಿ ಕೆಲಸಕ್ಕಿದ್ದೆ. ಬಿಡುವಿನಲ್ಲಿ ಕನ್ನಡ ಕಥೆ ಬರೆಯುತ್ತಿದ್ದೆ. ಆಸ್ಟಿನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಧಾರವಾಡದ ಗೆಳತಿ ವಸುಧಾಳಿಗೆ ಬರೆಯುವ ಹುಚ್ಚು ಹತ್ತಿಸಿದವಳೂ ನಾನೇ. ಅವಳು ಒಬ್ಬ ಲೇಖಕನ ಬದುಕು, ಬರಹಗಳ ಬಗ್ಗೆ ಪುಸ್ತಕ ಬರೆಯಲು ಹೊರಟಿದ್ದಳು. ಆತ ಹ್ಯೂಸ್ಟನ್‌ನಲ್ಲಿ ಮನೆಮನೆಗೆ ಹೋಗಿ ಪಿಯಾನೊ ರಿಪೇರಿ ಮಾಡುತ್ತಿದ್ದವನು. ಉಳಿದ ಹೊತ್ತಿನಲ್ಲಿ ಪಾಶ್ಚಾತ್ಯರ ಮಂತ್ರವಿದ್ಯೆಯ ಬಗ್ಗೆ, ನೆಲದ ಮೇಲೆ ಬರೆಯುವ ಮಂಡಲ, ದೇವದೂತರನ್ನು ಹೆಸರು ಹಿಡಿದು ಕರೆಯುವ ಕ್ರಮ ಇಂಥವುಗಳ ಬಗ್ಗೆ, ಹನ್ನೊಂದು ಪುಸ್ತಕ ಬರೆದಿದ್ದ. ಸತ್ತು ಬಹಳ ವರ್ಷವಾಗಿತ್ತು.

ಬೆಂಗಳೂರಿನ ಪ್ರಕಾಶಕರೊಬ್ಬರು ಅವಳ ಮೂರು ಅಧ್ಯಾಯ ಓದಿ ಒಪ್ಪಿಕೊಂಡರು. ಅದೇ ತಿಂಗಳು ಅದೇ ಪ್ರಕಾಶಕರು ನನ್ನ ಕಥೆಗಳನ್ನು ವಾಪಸ್ ಕಳಿಸಿದರು.

ಆಸ್ಟಿನ್‌ನಲ್ಲೇ ಇದ್ದ ಲೇಖಕನ ಮಗಳು ಅಪ್ಪನ ನೋಟ್‌ಬುಕ್ಕುಗಳನ್ನು ತೋರಿಸಲು ಒಪ್ಪಿದಾಗ, ಫೋಟೊ ತೆಗೆಯಲು ಸಹಾಯಕ್ಕೆ ಬಾ ಎಂದು ವಸುಧಾ ಕರೆದಳು. ಶನಿವಾರ ಬೆಳಿಗ್ಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೊರಟೆ. ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಿತ್ತು. ಅರ್ಧ ದಾರಿಯಲ್ಲಿ ಸಿಗುವ ವೇಕೊ ಊರು ದಾಟಿದ ಮೇಲೆ ಗಟ್ಟಿಯಾಗಿಯೇ ಅಂದುಬಿಟ್ಟೆ: "ವಸುಧಾಳ ಪುಸ್ತಕ ಮುಗಿಯದೇ ಹೋಗಲಿ." ಅಂದ ಮೇಲೆ ನಾಚಿಕೆಯಾಗಿ ರೇಡಿಯೊ ಹಾಕಿದೆ.

ಮಗಳು ಆಗಷ್ಟೇ ಬ್ಯಾಂಕ್ ಲಾಕರಿನಿಂದ ತಂದಿದ್ದ ಚೀಲವನ್ನು ನಮ್ಮೆದುರಿಗೇ ಬಿಚ್ಚಿದಳು. ನಾನು ಹಾಳೆ ತಿರುವುತ್ತ ಹೋದೆ, ವಸುಧಾ ಫೋಟೊ ತೆಗೆಯುತ್ತ ಹೋದಳು. ಮೂರನೆಯ ನೋಟ್‌ಬುಕ್ಕಿನ ನಡುವೆ, ಲ್ಯಾಟಿನ್ ಸಾಲುಗಳ ಕೆಳಗೆ, ಕನ್ನಡ ಕಂಡಿತು. ವಸುಧಾಳ ಪುಸ್ತಕ ಮುಗಿಯದೇ ಹೋಗಲಿ. ಅಕ್ಷರ ನನ್ನದು. 'ಳ'ದ ಬಾಲವನ್ನು ನಾನು ಎಳೆಯುವ ರೀತಿ ಕೂಡ ಹಾಗೇ ಇತ್ತು.

ವಸುಧಾ ನೋಡುವ ಮೊದಲೇ ಹಾಳೆ ಮಗುಚಿದೆ.

"ಎರಡು ಹಾಳಿ ಕೂಡಿ ಹೋದ್ವಲ್ಲ, ಹಿಂದಕ್ಕ ತಿರುವು," ಎಂದಳು.

ತಿರುವಿದೆ. ಓದಿದಳು. "ಇದು ನಿನ್ನ ಅಕ್ಷರ. ಯಾವಾಗ ಬರದಿ?"

"ನಾನು ಬರೆದಿಲ್ಲ ಕಣೇ."

ಅವಳು ಬಗ್ಗಿ ನೋಡಿದಳು. ಶಾಯಿ ಹಳತಾಗಿ ಕಂದಿತ್ತು. ಆ ಸಾಲಿನ ಮೇಲೆಯೇ ಹಾದುಹೋಗುವಂತೆ ಲೇಖಕ ಒಂದು ಮಂಡಲವನ್ನೂ ಎಳೆದಿದ್ದ; ಸಾಲು ಅದಕ್ಕೂ ಮೊದಲಿನದು.

"ಬರದಿಲ್ಲ, ಖರೆ. ಮನಸ್ನಾಗ ಅನ್ಕೊಂಡಿದ್ದೇನು?"

ಸುಳ್ಳು ಹೇಳಬಹುದಿತ್ತು. ಏಕೋ ಬಾಯಿ ಬರಲಿಲ್ಲ. "ಬೆಳಿಗ್ಗೆ ಕಾರಲ್ಲಿ ಅಂದೆ," ಎಂದೆ.

ಅವಳು ಆ ಪುಟದ ಫೋಟೊ ತೆಗೆದಳು. "ಮುಂದಿನ ಹಾಳಿ," ಎಂದಳು. ಸಂಜೆಯವರೆಗೆ ಉಳಿದ ಪುಟಗಳ ಫೋಟೊ ತೆಗೆದಳು. ಆಮೇಲೆ ಒಮ್ಮೆಯೂ ಫೋನ್ ಮಾಡಲಿಲ್ಲ.

ಎರಡು ವರ್ಷಕ್ಕೆ ಪುಸ್ತಕ ಬಂತು. ತರಿಸಿಕೊಂಡು ಒಂದೇ ಸಲಕ್ಕೆ ಓದಿ ಮುಗಿಸಿದೆ. ತುಂಬ ಚೆನ್ನಾಗಿದೆ, ಓದುತ್ತಿದ್ದಾಗಲೂ ಹೊಟ್ಟೆ ಉರಿಯಿತು. ಆ ಪುಟವನ್ನೂ ಅವಳು ಅಚ್ಚು ಹಾಕಿಸಿದ್ದಾಳೆ. ಕೆಳಗೆ ಇಷ್ಟೇ ಇದೆ: "ಬರೆದವರು ಯಾರೆಂದು ತಿಳಿದಿಲ್ಲ."

ನನಗೂ ತಿಳಿದಿಲ್ಲ. ಆ ಮಾತು ಮಾತ್ರ ನನ್ನದು.