ಎರಡು ಕೊಡದ ರಾಜ್ಯಭಾರ

ಒಂದು ಗುಟ್ಟು ಹೇಳಿಬಿಡುತ್ತೇನೆ. ನಿವೃತ್ತನಾಗಿ ಇಷ್ಟು ವರ್ಷವಾದರೂ ಕರಿಹಲಗೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಗಡಿಯಾಚೆಯ ಈ ಮರಾಠಿ ಊರಿನ ವಿಶ್ರಾಮಬಾಗದಲ್ಲಿ ನಮ್ಮ ಬಿಲ್ಡಿಂಗಿನವರು ನನ್ನನ್ನು ಸೊಸಾಯಿಟಿಯ ಚೇರಮನ್ ಮಾಡಿದಾಗ ನಾನು ಮಾಡಿದ ಮೊದಲ ಕೆಲಸ, ಮೆಟ್ಟಿಲ ಬಳಿ ಒಂದು ಕರಿಹಲಗೆ ಹಾಕಿಸಿದ್ದು. ಆ ಹುದ್ದೆ ಬೇರೆ ಯಾರಿಗೂ ಬೇಕಿರಲಿಲ್ಲ ಎಂಬುದನ್ನು ನನ್ನ ಹೆಂಡತಿ ಸುಮನ ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಮಾತ್ರ ಒಳಗೊಳಗೇ ಹಿಗ್ಗಿದ್ದೆ. ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದವನು ನಾನು. ರಾಜನಾದವನು ಎಷ್ಟು ಹೊತ್ತಿಗೆ ಏಳಬೇಕು, ಯಾರ ಮಾತು ಕೇಳಬೇಕು, ಯಾವಾಗ ದಂಡಿಸಬೇಕು ಎಂದು ನಮ್ಮ ಹಿಂದಿನವರು ವಿಧಿಸಿಟ್ಟದ್ದೆಲ್ಲ ನನಗೆ ಬಾಯಿಪಾಠ. ಕೊರತೆ ಇದ್ದದ್ದು ಒಂದು ರಾಜ್ಯದ್ದು. ಅದೂ ಈಗ ಸಿಕ್ಕಿತ್ತು: ಹನ್ನೆರಡು ಮನೆ, ಒಂದು ಪಂಪು, ಆಗಾಗ ಕೆಡುವ ಒಂದು ಗೇಟು.

ರಾಜ್ಯದ ಹಿಂದೆಯೇ ಸಂಕಟವೂ ಬಂತು. ಆ ಮಳೆಗಾಲ ಕೃಷ್ಣೆಗೆ ಮಹಾಪೂರ. ನೀರು ನಮ್ಮ ಬಾಗಿಲಿಗೆ ಬರಲಿಲ್ಲ, ಆದರೆ ಊರಿಗೆ ನೀರೆತ್ತುವ ಯಂತ್ರಗಳೇ ಮುಳುಗಿ ನಲ್ಲಿಗಳು ಬತ್ತಿದವು. ಅತ್ತ ಸಮುದ್ರದಂಥ ಹೊಳೆ, ಇತ್ತ ಮುಖ ತೊಳೆಯಲು ಚೊಂಬು ನೀರಿಲ್ಲ. ದಿನಕ್ಕೊಮ್ಮೆ ಟ್ಯಾಂಕರ್ ಬರತೊಡಗಿತು. ನಾನು ಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಆಜ್ಞೆ ಹೊರಡಿಸಿದೆ: ಮನೆಗೆ ಎರಡೇ ಕೊಡ.

ಮೂರನೆಯ ದಿನ ಮೊದಲ ಮಹಡಿಯ ಕುಲಕರ್ಣಿ ಕಾಕಾ ಬಂದು ಕಿವಿಯಲ್ಲಿ ಉಸುರಿದರು. ಮೂರನೇ ಮಹಡಿಯ ಬಾಡಿಗೆಯವರು ನಾಲ್ಕು ಕೊಡ ಒಯ್ಯುತ್ತಿದ್ದಾರಂತೆ. ಗೂಢಚಾರನೊಬ್ಬನ ಮಾತು ಕೇಳಿ ದಂಡಿಸಬಾರದು, ಮೂವರ ಮಾತು ಒಂದಕ್ಕೊಂದು ಕೂಡಿದರೆ ಮಾತ್ರ ನಂಬಬೇಕು ಎಂಬುದು ಹಳೆಯ ರಾಜನೀತಿ. ಇದನ್ನು ನಾನು ಎಷ್ಟು ತರಗತಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವುದು ಅಭ್ಯಾಸವಾದವನಿಗೆ ಕೇಳುವ ಅಭ್ಯಾಸ ತಪ್ಪಿರುತ್ತದೆ. ಸೀಮೆಸುಣ್ಣ ಎತ್ತಿಕೊಂಡು, ಮೂರನೇ ಮಹಡಿಯವರು ಉಳಿದವರ ನೀರು ಕದಿಯುತ್ತಿದ್ದಾರೆಂದು ಮನೆಯ ನಂಬರಿನ ಸಮೇತ ಮರಾಠಿಯಲ್ಲಿ ಬರೆದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಅಕ್ಷರ ಚೆಂದ ಬಂದಿದೆಯೇ ಎಂದೂ ನೋಡಿದೆ!

ಆ ಮನೆಯ ಪದ್ಮಾ ಮಿರಜಿನಲ್ಲಿ ನರ್ಸು. ಗಂಡನಿಗೆ ಕುಪವಾಡದ ಒಂದು ಕಾರಖಾನೆಯಲ್ಲಿ ಕೆಲಸ. ಒಬ್ಬರು ಬಂದ ಮೇಲೆ ಇನ್ನೊಬ್ಬರು ಹೋಗುವರು, ಬಾಗಿಲು ಸದಾ ಮುಚ್ಚಿರುತ್ತಿತ್ತು. ಸಂಜೆ ಕೆಲಸದಿಂದ ಬಂದ ಪದ್ಮಾ ಹಲಗೆಯ ಮುಂದೆ ನಿಂತು ಎರಡು ಸಲ ಓದಿ ಮೇಲೆ ಹತ್ತಿಹೋದಳು ಎಂದು ಸುಮನ ಹೇಳಿದಳು.

ಮರುದಿನ ಮುಂಜಾನೆ ನಮ್ಮ ಬಾಗಿಲಲ್ಲಿ ಎರಡು ತುಂಬಿದ ಕೊಡ, ಮೂರನೇ ಮಹಡಿಯವರವು.

"ಹೋಗಿ ಕೇಳಿ ಬರ್ರಿ," ಎಂದಳು ಸುಮನ. "ನಾ ಅಂತೂ ಈ ನೀರಿಲೆ ಚಾ ಮಾಡಂಗಿಲ್ಲ."

ಒಂದು ಕೊಡ ಹೊತ್ತುಕೊಂಡು ಏದುಸಿರು ಬಿಡುತ್ತ ಮೂರನೇ ಮಹಡಿಗೆ ಹೋದೆ. ಒಳಗಿನಿಂದ ಮುದಿ ದನಿಯೊಂದು ಕೇಳಿತು: "ಯಾರ ಬಂದಾರ ಪದ್ಮಾ?"

ಕನ್ನಡ! ವರ್ಷದಿಂದ ಪದ್ಮಾ ಮತ್ತು ನಾನು ಮೆಟ್ಟಿಲ ಮೇಲೆ ಮರಾಠಿಯಲ್ಲೇ ಮಾತಾಡುತ್ತಿದ್ದೆವು. ಒಬ್ಬರ ಮನೆಮಾತು ಒಬ್ಬರಿಗೆ ಗೊತ್ತಿರಲಿಲ್ಲ.

ನಾನೂ ಕನ್ನಡದಲ್ಲೇ ಓಗೊಟ್ಟೆ. ಪದ್ಮಾ ಬಾಗಿಲು ತೆರೆದಳು. ಕಿಟಕಿಯ ಪಕ್ಕದ ಮಂಚದಲ್ಲಿ ಹಣ್ಣುಹಣ್ಣಾದ ಮುದುಕಿ. ಕುರ್ಚಿ, ಬಾಗಿಲು, ಹಗ್ಗ ಎಲ್ಲೆಲ್ಲೂ ಒದ್ದೆ ಹಾಸಿಗೆ ಬಟ್ಟೆ.

"ನಮ್ಮ ಅತ್ತಿರಿ ಸರ್," ಎಂದಳು ಕನ್ನಡದಲ್ಲೇ. "ಕಸಬೆ ಡಿಗ್ರಜದಾಗ ಮನಿಯೊಳಗ ನೀರ ಹೊಕ್ಕಿತು, ನಾವಿಯೊಳಗ ಮಲಗಿಸಿ ತಂದೇವಿ. ಏಳಾಕ ಆಗಂಗಿಲ್ಲ. ದಿನಾ ಹಾಸಿಗಿ ಒಗೀಬೇಕ್ರಿ."

"ನನಗ್ಯಾಕ ಹೇಳಲಿಲ್ಲವ್ವಾ?"

"ಕರಾರಿನಾಗ ಇಬ್ಬರ ಇರಬೇಕಂತ ಬರದೈತ್ರಿ. ಮಾಲಕರಿಗಿ ತಿಳಿದ್ರ ಮನಿ ಬಿಡಸ್ತಾರ. ಈ ಪೂರದಾಗ ಇವರನ್ನ ಕರಕೊಂಡ ಎಲ್ಲಿ ಹೋಗೂದ್ರಿ?"

ಅಷ್ಟರಲ್ಲಿ ಮುದುಕಿ ನನ್ನತ್ತ ಕೈಚಾಚಿದರು. "ಬಾ ನನ್ನ ರಾಜಾ, ಕುಂದ್ರು. ಮಳಿಯಾಗ ತೊಯ್ಸಿಕೊಂಡಿ ಏನು?"

ನಾನು ತೊಯ್ದದ್ದು ಬೆವರಿನಲ್ಲಿ. ಇಡೀ ಆಯುಷ್ಯ ರಾಜರ ವಿಷಯ ಮಾತಾಡಿದ ನನ್ನನ್ನು ಅದುವರೆಗೆ ಯಾರೂ ರಾಜಾ ಎಂದಿರಲಿಲ್ಲ. ಅಂದದ್ದು ಇಂಥ ದಿನ.

"ತಪ್ಪಾತವ್ವಾ," ಎಂದೆ ಪದ್ಮಾಳಿಗೆ. "ಕೇಳಬೇಕಿತ್ತು. ಕೇಳಲಿಲ್ಲ."

ಹಲಗೆಯ ಮುಂದೆ ಅಳದ ಹುಡುಗಿ ಆಗ ಅತ್ತಳು.

ಕೆಳಗಿಳಿದು ಹಲಗೆ ಒರೆಸಿ, ಚೇರಮನ್ನರು ವಿಚಾರಿಸದೆ ಬರೆದದ್ದು ತಪ್ಪು, ಕ್ಷಮಿಸಬೇಕು ಎಂದು ಬರೆದೆ. ಅಕ್ಷರ ಚೆಂದ ಬರಲಿಲ್ಲ. ಟ್ಯಾಂಕರಿಗೆ ನಿಂತ ಎಲ್ಲರ ಎದುರಿಗೆ ಓದಿಯೂ ಹೇಳಿದೆ. ರೋಗಿಯಿದ್ದ ಮನೆಗೆ ಬೇಕಾದಷ್ಟು ನೀರು ಎಂದು ನಿಯಮ ಬದಲಾಯಿತು. ಕುಲಕರ್ಣಿ ಕಾಕಾ ತಮ್ಮ ಪಾಲಿನ ಒಂದು ಕೊಡವನ್ನು ತಾವೇ ಮೂರನೇ ಮಹಡಿಗೆ ಹೊತ್ತು ಬಂದರು.

ಪದ್ಮಾಳನ್ನು ಒಪ್ಪಿಸಿ, ಪುಣೆಯಲ್ಲಿದ್ದ ಮಾಲಕರಿಗೆ ನಾನೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ತಿಳಿಸಿದೆ. ಬಂದು ನೋಡುತ್ತೇನೆ ಎಂದರು, ಬಿಗಿಯಾಗಿ. ಪೂರ ಇಳಿದು ರಸ್ತೆ ತೆರೆಯುವ ತನಕ ಪದ್ಮಾಳಿಗೆ ನಿದ್ದೆಯಿಲ್ಲ, ನನಗೂ ಇಲ್ಲ. ಕೊನೆಗೆ ಬಂದರು. ಮುದುಕಿ ಅವರತ್ತಲೂ ಕೈಚಾಚಿ, "ಬಾ ನನ್ನ ರಾಜಾ," ಎಂದರು. ನನಗೆ ಸಣ್ಣಗೆ ಹೊಟ್ಟೆಕಿಚ್ಚಾದದ್ದು ನಿಜ. ಮಾಲಕರಿಗೆ ಕನ್ನಡ ಬಾರದು, ಆದರೆ ರಾಜಾ ಎಂಬ ಕರೆ ಮರಾಠಿಯಲ್ಲೂ ಅದೇ ಅಲ್ಲವೇ? ಅರ್ಧ ತಾಸು ಕೂತು, ಚುರುಮುರಿ ತಿಂದು, ಕರಾರಿನ ಮಾತೆತ್ತದೆ ಎದ್ದುಹೋದರು.

ನಲ್ಲಿಗೆ ನೀರು ಬಂದ ದಿನ ಸೊಸಾಯಿಟಿಯ ಸಭೆಯಿತ್ತು. ಅದಕ್ಕೆ ಮುಂಚೆ ಮುದುಕಿಗೆ ಸುದ್ದಿ ಹೇಳಿ ಬರೋಣವೆಂದು ಹೋದೆ. ಅವರು ನನ್ನ ಬೆರಳು ಹಿಡಿದುಕೊಂಡು, ಡಿಗ್ರಜದ ತಮ್ಮ ಎಮ್ಮೆಯ ಕಥೆ ಹೇಳುತ್ತ ಹೇಳುತ್ತ ಹಾಗೆಯೇ ನಿದ್ದೆ ಹೋದರು. ಕೈ ಬಿಡಿಸಿಕೊಂಡರೆ ಎಚ್ಚರವಾದೀತು. ಕೂತೆ.

ಸುಮನ ಬಾಗಿಲಲ್ಲಿ ಬಂದು ಪಿಸುಗುಟ್ಟಿದಳು. "ಎಲ್ಲಾರೂ ಬಂದು ಕುಂತಾರ್ರಿ. ಏನ್ ಹೇಳ್ಲಿ?"

"ಚೇರಮನ್ನರ ಕೈ ಖಾಲಿ ಇಲ್ಲ ಅಂತ ಹೇಳು," ಎಂದೆ.